ಕೂರುವ ವಿಚಾರ

ಎಲ್ಲಿ ನೋವು ಎಂದರು. ನಾನು ಮೈ ಮುಟ್ಟಿ ತೋರಿಸಲಿಲ್ಲ,
ಕಿಟಕಿಯಾಚೆ ತೋರಿಸಿದೆ:
ಸೊಹಾರ್ ಆಸ್ಪತ್ರೆಯ ಅಂಗಳದಲ್ಲಿ
ಬಿಸಿಲಿಗೆ ನಿಂತಿತ್ತು ನನ್ನ ನೀರಿನ ಟ್ಯಾಂಕರು.

ಹನ್ನೊಂದು ವರ್ಷ ಅದರ ಸೀಟಿನಲ್ಲಿ.
ಹಿಂದೆಯೂ ಅಲ್ಲದ, ಮುಂದೆಯೂ ಅಲ್ಲದ ಒಂದು ಕಡೆ
ಕಾದ ಬೆಣಚುಕಲ್ಲು.
ನಾನು ಕೂತರೆ ಅದು ಏಳುತ್ತದೆ,
ನಾನು ಎದ್ದರೆ ಅದು ಕೂರುತ್ತದೆ.

ಮೂಲವ್ಯಾಧಿ ಎಂದ ರೂಮಿನ ಕುಂಞಾಲಿ, ವಾರವಿಡೀ ಮೂಲಂಗಿ ತಿನ್ನಿಸಿದ.
ಪ್ರಾಸ್ಟೇಟ್ ಎಂದರು ಕ್ಲಿನಿಕ್ಕಿನವರು, ಮೂರು ಸಲ ಆ್ಯಂಟಿಬಯೋಟಿಕ್.
ಸ್ಕ್ಯಾನಿನಲ್ಲಿ ಏನೂ ಇಲ್ಲ, ರಕ್ತದಲ್ಲಿ ಏನೂ ಇಲ್ಲ,
ಏನೂ ಇಲ್ಲದ್ದಕ್ಕೆ ಎಪ್ಪತ್ತು ರಿಯಾಲು.
ಟೆನ್ಶನ್ ಅಷ್ಟೇ, ಊರಿಗೆ ಹೋಗಿ ಬನ್ನಿ ಎಂದರೊಬ್ಬರು.
ವಿಮಾನದಲ್ಲೂ ಕೂರಲೇಬೇಕಲ್ಲ ಎಂದು
ಅವರಿಗೆ ಹೇಳಲಿಲ್ಲ.

ನಿಂತೇ ಉಣ್ಣುತ್ತೇನೆ.
ಸುಜೂದಿನಲ್ಲಿ ಸುಖ; ಅತ್ತಹಿಯ್ಯಾತಿಗೆ ಕೂತಾಗ
ಪಡೆದವನ ಮುಂದೆಯೇ ಹಲ್ಲು ಕಚ್ಚುತ್ತೇನೆ.
ಫೋನಿನ ಪರದೆಯಲ್ಲಿ ಮೈಮೂನಾ ಕೇಳುತ್ತಾಳೆ:
ಯಾವಾಗ ನೋಡಿದರೂ ನಿಂತಿರುತ್ತೀರಲ್ಲ, ಎಲ್ಲಿಗೆ ಹೊರಟದ್ದು?

ಡಾಕ್ಟರ್ ಶಮ್ಸಾ ಪೆನ್ನು ಕೆಳಗಿಟ್ಟರು.
ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದಾ? ಇಲ್ಲ.
ಕಮೋಡಿನ ಮೇಲೆ ಕೂತಾಗ?

ನೆಲ ನೋಡಿದೆ.
ಇದನ್ನು ಯಾರೂ ಕೇಳಿರಲಿಲ್ಲ.
ಏಳು ಜನಕ್ಕೆ ಒಂದೇ ಕಕ್ಕಸು, ಹೊರಗೆ ಬಾಗಿಲು ಬಡಿಯುತ್ತಿರುತ್ತಾರೆ,
ಒಳಗೆ ನಾನು ಏನೂ ಮಾಡದೆ ಸುಮ್ಮನೆ ಕೂತಿರುತ್ತೇನೆ,
ಇಡೀ ಒಮಾನಿನಲ್ಲಿ ನಡುವೆ ತೂತಿರುವ ಆ ಒಂದು ಸೀಟಿನಲ್ಲಿ ಮಾತ್ರ
ನನಗೆ ನೋವಿಲ್ಲ.
ಹೇಳಿದೆ. ಅವರು ನಗಲಿಲ್ಲ.

ಕಾಗದದ ಮೇಲೆ ಸೊಂಟದ ಎಲುಬು ಬರೆದರು, ತಳವಿಲ್ಲದ ಬಟ್ಟಲು.
ಎರಡು ಪಟ್ಟಿಗಳ ನಡುವೆ ನುಸುಳುವ ಒಂದು ದಾರ.
ಇಲ್ಲಿ ಸಿಕ್ಕಿಕೊಂಡಿರಬೇಕು. ಈ ನರದ ಹಳೇ ಹೆಸರಿಗೆ
ನಾಚಿಕೆ ಎಂದೇ ಅರ್ಥ, ಎಂದರು.
ಹೆಸರಿಟ್ಟವನು ಯಾರೋ, ನನ್ನನ್ನು ಬಲ್ಲವನ ಹಾಗೆ.

ಬುಧವಾರ ಸೂಜಿ ಹಾಕಿದರು.
ಗುಣವಾಗಲಿಕ್ಕಲ್ಲ, ಗುರುತು ಹಿಡಿಯಲಿಕ್ಕೆ ಎಂದಿದ್ದರು.
ಅಂಗೈಯಗಲ ಮರಗಟ್ಟಿತು.
ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ
ಮೊದಲು ಒಂದು ಕುಂಡೆ, ಹೆದರಿ ಹೆದರಿ, ಆಮೇಲೆ ಇನ್ನೊಂದು.

ಕಲ್ಲು ಏಳಲಿಲ್ಲ.

ಹಾಗೇ ಕೂತೆ. ಎದುರು ಫಿಲಿಪ್ಪೀನಿನ ಹುಡುಗನೊಬ್ಬ ನೆಲ ಒರೆಸಿದ,
ಕಾಲೆತ್ತಿ ಅಂದ, ಎತ್ತಿದೆ, ಆಗಲೂ ಇಲ್ಲ.
ಸಂಜೆಯ ಹೊತ್ತಿಗೆ ಮರಳಿ ಬರುತ್ತದೆ, ಗೊತ್ತು.

ಮೈಮೂನಾ ಫೋನೆತ್ತಿದವಳು ತುಸು ಹೊತ್ತು ನೋಡಿದಳು.
ಕೂತಿದ್ದೀರಾ? ಎಂದಳು.
ಹೌದು. ನೀನೂ ಕೂತ್ಕೋ,
ಒಂದು ವಿಷಯ ಹೇಳಲಿಕ್ಕಿದೆ.