ನಡಾವಳಿ ಪುಸ್ತಕ

ಭಾನುವಾರ ಹತ್ತೂವರೆ. ಧರಣೇಂದ್ರಯ್ಯನವರ ಟೈಪಿಂಗ್ ಶಾಲೆ.
ನಾವು ಹನ್ನೊಂದು ಜನ, ಒಂಬತ್ತು ಸ್ಟೂಲು.
ನನ್ನ ಕೆಲಸ ಬರೆಯುವುದು;
ಮಾತಾಡುವವರು ಬೇಕಾದಷ್ಟಿದ್ದಾರೆ.

ಹಾಸನ, ಪೆನ್ಷನ್ ಮೊಹಲ್ಲಾ, ಅಡ್ಡರಸ್ತೆ:
ನಲ್ಲಿ ನೀರು ಬಂದು ಆರು ದಿನ.
ಬೀದಿದೀಪ ಹಗಲೆಲ್ಲ ಉರಿದು ರಾತ್ರಿ ಮಲಗುತ್ತದೆ
ಎಂದು ಖಲಂದರ್ ತಾನೇ ನಕ್ಕ.
ನಗುವನ್ನು ಬರೆಯಲಿಲ್ಲ.
ಯಾರೋ ಜಾತಿಯ ಮಾತೆತ್ತಿದರು. ಫಿಲೋಮಿನಾ ಟೀಚರು
ಸ್ಟೂಲು ಎಳೆದ ಸದ್ದಿಗೆ ಅದು ಅಲ್ಲೇ ನಿಂತಿತು.
ಅದನ್ನೂ ಬರೆಯಲಿಲ್ಲ.
ಬರೆಯಬೇಕಿತ್ತೇನೋ.

ಆಮೇಲೆ ಚರಂಡಿ.
ಹನಿ ಬಿದ್ದರೆ ಸಾಕು, ಜಬೀನಾಳ ಹೊಲಿಗೆ ಅಂಗಡಿಗೆ
ನೀರು ಯಾಕೆ ನುಗ್ಗುತ್ತದೆ?
ಕೋಲು ಹಿಡಿದು ಚರಂಡಿಯುದ್ದಕ್ಕೂ ಚುಚ್ಚಿ ನೋಡಿದ ಹುಡುಗ
ಚಪ್ಪಲಿ ನೋಡುತ್ತ ಹೇಳಿದ:
"ಹದಿನೇಳನೇ ನಂಬರ್ ಮನೆ.
ಸ್ಕೂಟರ್ ಹತ್ತಿಸೋಕೆ ಸಿಮೆಂಟು ಹಾಕಿದಾರಲ್ಲ, ಅಲ್ಲೇ ಕಟ್ಟಿದೆ."

ಎಲ್ಲರೂ ಗೋಡೆಯ ಕ್ಯಾಲೆಂಡರು ನೋಡಿದರು.
ಪೆನ್ನು ನನ್ನ ಕೈಲಿತ್ತು.
ಬಾಬ್ತು ನಾಲ್ಕು. ಮನೆ ನಂಬರ್ ಹದಿನೇಳು.
ಮಾಲೀಕರು:
ಇಷ್ಟು ವರ್ಷದಲ್ಲಿ ಮೊದಲ ಸಲ
ನನ್ನ ಹೆಸರಿನ ಕಾಗುಣಿತ ತಪ್ಪಿತು.

ಸಂಜೆ ಖಲಂದರ್ ಮನೆಗೆ ಹೋಗಿ ಹಾರೆ ಕೇಳಿದೆ.
ಯಾಕೆ ಅನ್ನಲಿಲ್ಲ.
ಒಳಗಿಂದ ಎರಡು ತಂದ.