ಗೇಣು

ಜೂನ್ ತಿಂಗಳು, ಶಾಲೆಯ ಜಿಮ್ಮಿನಲ್ಲಿ
ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೊಂದು ಮಡಿಸುವ ಮೇಜು.
ಅದರ ಹಿಂದೆ ಕೆಂಪು ಕೋಟಿನ ಪೊಲೀಸ್ ಹುಡುಗ,
ಉಣ್ಣೆಯೊಳಗೆ ಬೆವರುತ್ತ, ಪಟ್ಟಿಯಲ್ಲಿ ನನ್ನ ಹೆಸರು ಹುಡುಕುತ್ತಾನೆ.
ಗೆರೆ ಎಳೆದು ಐದು ಡಾಲರಿನ ನೋಟೊಂದು ಕೊಡುತ್ತಾನೆ.
ಹೊಸದು, ಪ್ಲಾಸ್ಟಿಕ್ಕು,
ಮಡಚಿದರೆ ತಾನೇ ಬಿಚ್ಚಿಕೊಳ್ಳುವಂಥದು.

ಮುತ್ತಜ್ಜಿಗೂ ಐದೇ. ಅಜ್ಜಿಗೂ ಐದೇ.
ಆಗ ಐದಕ್ಕೆ ಮೂಟೆಗಟ್ಟಲೆ ಹಿಟ್ಟು ಬರುತ್ತಿತ್ತಂತೆ,
ಈಗ ಬಾಗಿಲಲ್ಲಿ ಮಾರುವ ಬರ್ಗರಿಗೇ ಸಾಲದು.
ದುಡ್ಡಿಗಲ್ಲ ನಾವು ಬರುವುದು.
ಬಾರದಿದ್ದರೆ ಸತ್ತರು ಎಂದು ಬರೆದುಕೊಳ್ಳುತ್ತಾರೆ.

ಕೋಕುಮ್ ಹೇಳುತ್ತಿದ್ದಳು (ಅಜ್ಜಿಯನ್ನು ಹಾಗೇ ಕರೆಯುವುದು ನಾವು):
ಆ ದಿನ ಹುಲ್ಲುಬಯಲಿನಲ್ಲಿ
ಎರಡು ಗುಂಪಿನ ನಡುವೆ ನಿಂತಿದ್ದವನು ದುಭಾಷಿ ಇಸಿದೋರ್ ಲಾರಾಕ್.
ಅಪ್ಪನ ಕಡೆಯದೊಂದು ಮಾತು, ಅಮ್ಮನ ಕಡೆಯದೊಂದು,
ಕುದುರೆಗೆ ಬೈಯಲು ಮೂರನೆಯದು.
ಕಮಿಷನರ್ ಸಾಹೇಬ ಕಾಗದ ಹಿಡಿದು ಓದಿದ:
ಸದರಿ ಪ್ರದೇಶವನ್ನು ಶಾಶ್ವತವಾಗಿ ಬಿಟ್ಟುಕೊಡತಕ್ಕದ್ದು.
ಇಸಿದೋರ್ ಬಾಯಿ ತೆರೆದ. ಮುಚ್ಚಿದ.

ಬಿಡುವುದು ಗೊತ್ತು ನಮಗೆ.
ನೊಗದಿಂದ ನಾಯಿಗಳನ್ನು ಬಿಡುತ್ತೇವೆ, ಉಸಿರು ಬಿಡುತ್ತೇವೆ,
ಮೀನು ಮರಿ ಹಾಕುವ ಹೊತ್ತಿಗೆ ಬಲೆ ಬಿಡದೆ ಹೊಳೆಯನ್ನು ಬಿಡುತ್ತೇವೆ.
ಕೊಡುವುದೂ ಗೊತ್ತು.
ಬೇಟೆಯ ತೊಡೆಮಾಂಸ ಕೊಡುತ್ತೇವೆ, ಹೆಣ್ಣು ಕೊಡುತ್ತೇವೆ,
ಮಾತು ಕೊಡುತ್ತೇವೆ.
ಬಿಟ್ಟು ಕೊಡುವುದು?
ನೆಲವನ್ನು?
ಎಲ್ಲಿ ನಿಂತು ಕೊಡುವುದದನ್ನು,
ಕೊಡುವವನಿಗೂ ನಿಲ್ಲಲು ನೆಲ ಬೇಕಲ್ಲ!

ಕೊನೆಗೆ ಇಸಿದೋರ್ ನಮ್ಮವರತ್ತ ತಿರುಗಿ
ಬಾಯಿಗೆ ಬಂದದ್ದು ಹೇಳಿದ: ಇವರು ಉಳಬೇಕಂತೆ.
ಉಳಲಿ, ಎಂದ ಹಿರಿಯ ಕಾ-ಪಿಮೋತೇತ್,
ಎಷ್ಟು ಆಳ?
ಆಗ ಯಾರೋ ಹೆಬ್ಬೆರಳು ಕಿರುಬೆರಳು ಅಗಲಿಸಿ
ಗಾಳಿಯಲ್ಲಿ ಒಂದು ಗೇಣು ತೋರಿಸಿದರು.
ಯಾರ ಕೈ ಎಂಬುದನ್ನು ಮಾತ್ರ
ಕೋಕುಮ್ ಒಂದೊಂದು ಸಲ ಒಂದೊಂದು ಹೇಳುತ್ತಿದ್ದಳು.

ಚಿಲುಮೆ ಸುತ್ತಿ ಬಂತು. ಹೊಗೆ ಮೇಲೆ ಹೋಯಿತು,
ನಮ್ಮ ಕಡೆಯ ಕರಾರು ಅಷ್ಟೆ, ಓದುವವನು ಮೇಲಿದ್ದ.
ಅವರ ಕಡೆಯದಕ್ಕೆ
ಕಾ-ಪಿಮೋತೇತ್ ಲೇಖನಿಯ ಬಾಲ ಮುಟ್ಟಿದ,
ಗುಮಾಸ್ತ ಕತ್ತರಿಗುರುತು ಹಾಕಿದ.
ಆ ಗುರುತು ವಿಚಿತ್ರ:
ಹಾಕಿದ್ದು ರುಜುವೋ, ಕಾಟು ಹೊಡೆದದ್ದೋ,
ನೋಡಿದರೆ ತಿಳಿಯುವುದಿಲ್ಲ.

ಸಾಲಿನಲ್ಲಿ ನನ್ನ ಹಿಂದಿದ್ದಾನೆ ಡೆಲ್ಫಿಸ್, ದೊಡ್ಡಪ್ಪನ ಮಗ,
ರಾತ್ರಿಪಾಳಿ ಮುಗಿಸಿ ನೇರ ಬಂದವನು. ಹುಬ್ಬಿನಲ್ಲಿ ನಸುಗೆಂಪು ಧೂಳು.
ಪೊಟ್ಯಾಷ್ ಗಣಿ. ಒಂದು ಕಿಲೋಮೀಟರು ಕೆಳಗೆ
ಹಳೆಯ ಸಮುದ್ರವೊಂದು ಒಣಗಿ ಕೂತಿದೆಯಂತೆ,
ಅದರ ಉಪ್ಪು ಕೆತ್ತಿ ಮೇಲೆ ಕಳಿಸುತ್ತಾರೆ
ಯಾವ ಯಾವ ದೇಶದ ಬತ್ತಕ್ಕೋ ಗೊಬ್ಬರವಾಗಿ.
ಸಂಬಳ ಚೆನ್ನಾಗಿದೆ. ಹಲ್ಲಿನ ವಿಮೆಯೂ ಇದೆ.
'ನಿಮ್ಮ ಲಿಫ್ಟು ಎಷ್ಟು ಗೇಣು ಇಳಿಯುತ್ತೋ?' ಕೇಳಿದೆ.
ಆಕಳಿಸುತ್ತಲೇ ಫೋನು ತೆಗೆದು ಲೆಕ್ಕ ಹಾಕಿದ:
'ನಾಲ್ಕೂವರೆ ಸಾವಿರ.
ಮೊದಲನೆಯದು ಬಿಡು, ಅದು ಕೊಟ್ಟದ್ದು.'

ನಾನು ಮೇಜಿನ ಮೇಲೇ ನೋಟು ಹಾಸಿದೆ,
ಅದು ಏಳದಂತೆ ಒತ್ತಿ ಹಿಡಿದು
ಹೆಬ್ಬೆರಳು ಒಂದು ತುದಿಗಿಟ್ಟೆ, ಕಿರುಬೆರಳು ಚಾಚಿದೆ.
'ಏನಾದರೂ ಹೆಚ್ಚುಕಮ್ಮಿ ಆಯಿತಾ ಮೇಡಂ?'
ಕೆಂಪು ಕೋಟಿನ ಹುಡುಗ ನಿಜವಾಗಿಯೂ ಗಾಬರಿಯಾಗಿದ್ದ,
ಕಿವಿಯ ಪಕ್ಕ ಬೆವರಿಳಿಯುತ್ತಿತ್ತು.

ಎರಡು ಬೆರಳು ಕಮ್ಮಿ, ಎಂದೆ.