ಕೊಡು ಅಂದರೆ ಸಾಲದೆ?

ಮೀನು ಮಾರುಕಟ್ಟೆಯ ಮಹಡಿಯ ಮೇಲೆ ನಮ್ಮ ವಕೀಲರ ಕಚೇರಿ.
ಕಾಗದಕ್ಕೂ ಬಂಗಡೆಯ ವಾಸನೆ.
ನ್ಯೂಲಿನ್ನಿನ ಹೆಡ್ಲಿ ಟ್ರೆಂಬಾತ್, ವಯಸ್ಸು ಎಂಬತ್ತೊಂದು,
ಬೂಟು ಒರೆಸಿ ಒಳಬಂದು, ಟೋಪಿ ಮಡಿಲಲ್ಲಿಟ್ಟು
ಆಸ್ತಿ ಹೇಳಿದ:
ಬಲೆ ಹೆಣೆಯುವ ಮೂಳೆಯ ಸೂಜಿ ಆರು,
ದೋಣಿಯಲ್ಲಿ ಎಂಟನೆಯ ಒಂದು ಪಾಲು,
ಅಪ್ಪನ ಕಾಲದ ಹಿತ್ತಾಳೆ ಬ್ಯಾರೋಮೀಟರ್.

‘ಕೊಡುತ್ತೇನೆ’ ಅಂದ. ನಾನು ‘ಬಿಕ್ವೀದ್’ ಎಂದು ಟೈಪಿಸಿದೆ.
ಕನ್ನಡಕ ಏರಿಸಿ ನೋಡಿದ,
ಕಿವಿರು ಬಿಡಿಸಿ ಮೀನು ನೋಡುವ ಹಾಗೆ.
‘ಇದೇನಮ್ಮ? ಕೊಡು ಅಂದರೆ ಸಾಲದೆ?’

ಸಾಲದು, ಅಂದೆ. ಕೊಡುವುದಕ್ಕೆ ಎರಡು ಕೈ ಬೇಕು,
ಒಂದು ಮೇಲೆ, ಒಂದು ಕೆಳಗೆ.
ಇದಕ್ಕೆ ಕೆಳಗಿನದೊಂದೇ ಸಾಕು; ಮೇಲಿನದು ಇರಬಾರದು.
ಬರೆಯುವುದು ವರ್ತಮಾನದಲ್ಲಿ, ನಡೆಯುವುದು ಆಮೇಲೆ,
‘ನಾನು’ ಅನ್ನುವ ಕರ್ತೃಪದ
ವಾಕ್ಯದೊಳಗೆ ಮಾತ್ರ ಉಳಿದಿರುವಾಗ.
ಬಸ್ಸಿನ ಸೀಟನ್ನು ಹೀಗೆ ಬಿಟ್ಟುಕೊಟ್ಟರೆ ಜನ ನಗುತ್ತಾರೆ.
ಹೊಲಮನೆಗೆ ಹಳೆಯ ವಕೀಲರು ಬೇರೆಯೇ ಪದ ಇಟ್ಟಿದ್ದರು.
‘ಹೊಲಮನೆ ಇಲ್ಲವಲ್ಲ, ಒಂದು ಪದದ ಖರ್ಚು ಉಳಿಯಿತು.’

ಬ್ಯಾರೋಮೀಟರ್ ಯಾರಿಗೆ?
ಕಿಟಕಿ ಕಡೆ ನೋಡಿದ. ‘ಕ್ಲಾರೆನ್ಸಿಗೆ.’
ತಮ್ಮ. ಮೂರು ಬಾಗಿಲು ಆಚೆ. ಹತ್ತೊಂಬತ್ತು ವರ್ಷದಿಂದ ಮಾತಿಲ್ಲ.
ಪ್ರಾರ್ಥನೆಗೆ ಒಂದೇ ಬೆಂಚು, ನಡುವೆ ಇಬ್ಬರ ಟೋಪಿ.

ನನಗೋ ನಿಘಂಟಿನ ಹುಚ್ಚು. ಬಾಯಿ ಸುಮ್ಮನಿರಲಿಲ್ಲ:
ಈ ಪದದ ಹೊಟ್ಟೆ ಸೀಳಿದರೆ ಒಳಗೆ
ಹಳೆಯ ಇಂಗ್ಲಿಷಿನ ‘ಹೇಳು’ ಇದೆ, ಮಿಸ್ಟರ್ ಟ್ರೆಂಬಾತ್.
ಆಗ ಟೈಪು ಯಂತ್ರವೆಲ್ಲಿ!
ಸಾಯುವವನು ಬಾಯಿಬಿಟ್ಟು ಹೇಳಿದ್ದೇ ಕೊಟ್ಟಂತೆ.

ಕುರ್ಚಿ ಕಿರ್ರೆಂದಿತು.
‘ಅಂದರೆ ಮೊದಲು ಮಾತಾಡಿದವನು ನಾನಾಗುತ್ತೇನೋ?
ಅದೂ ಸತ್ತ ಮೇಲೆ, ಅವನೆದುರು ಸೋತು?
ಹೊಡೆದುಹಾಕು ಆ ಸಾಲು.’

ಹೊಡೆದುಹಾಕಿದೆ. ಉಳಿದದ್ದೆಲ್ಲ ಮಗಳ ಹೆಸರಿಗೆ.
ಕೆಳಗೆ ಐಸು ಒಡೆಯುವ ಇಬ್ಬರನ್ನು ಸಾಕ್ಷಿಗೆ ಕರೆದು
ರುಜು ಹಾಕಿ, ಕೈಗಂಬಿ ಹಿಡಿಯದೆ ಮೆಟ್ಟಿಲಿಳಿದ.

ಗುರುವಾರ ಬ್ರೆಡ್ಡು ತರಲು ಹೋದಾಗ
ಕ್ಲಾರೆನ್ಸನ ಕಿಟಕಿಯಲ್ಲಿ ಹಿತ್ತಾಳೆಯ ಮುಖ,
ಮುಳ್ಳು ಮಳೆಗೂ ಬದಲಾವಣೆಗೂ ನಡುವೆ.
ಕೊಟ್ಟನೋ, ಎಸೆದನೋ, ಹೊಸಿಲ ಮೇಲಿಟ್ಟು ಓಡಿದನೋ,
ತಮ್ಮನೇ ಬಂದು ಕಿತ್ತುಕೊಂಡನೋ,
ಕ್ರಿಯಾಪದ ನನಗೆ ತಿಳಿಯಲಿಲ್ಲ.

ಕರ್ತೃಪದ ಮಾತ್ರ
ಬಂದರಿನ ಗೋಡೆಯ ಮೇಲೆ ಕೂತು
ಸೂಜಿಯ ದಾರ ಹಲ್ಲಿನಲ್ಲಿ ಕಡಿಯುತ್ತಿತ್ತು.